ಲೀ ಆಂಡ್ರೂಸ್ ನೆನಪಿಗೆ ಒಂದು ಗಂಟೆ: ಡೂ-ವಾಪ್ ಕೇಳಿಸುವ ಕೆಲಸ ನಾನು ಮಾಡಿದ್ದು ಹೀಗೆ

ಫಿಲಡೆಲ್ಫಿಯಾದ ಗಾಯಕ ಲೀ ಆಂಡ್ರೂಸ್ ತೀರಿಕೊಂಡದ್ದು 2016ರ ಮಾರ್ಚ್ 16ರಂದು, 79ನೇ ವಯಸ್ಸಿನಲ್ಲಿ. 1950ರ ದಶಕದ ‘ಲೀ ಆಂಡ್ರೂಸ್ ಅಂಡ್ ದ ಹಾರ್ಟ್ಸ್’ ತಂಡದ ಲೀಡ್ ಕಂಠ, ಅಂದರೆ ಮುಂದೆ ನಿಂತು ಮುಖ್ಯ ರಾಗ ಹಾಡುವ ಕಂಠ, ಅವರದು. ಅವರ ನೆನಪಿಗಾಗಿ, ಸುಗಮ ಸಂಗೀತ ಮತ್ತು ಕರ್ನಾಟಕ ಸಂಗೀತ ಕೇಳಿ ಬೆಳೆದ, ಇಲ್ಲಿ ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಗಂಟೆಯ ಶ್ರವಣ ಕಾರ್ಯಕ್ರಮ ಸಿದ್ಧಪಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಯಾವುದೇ ಹಳೆಯ ಗಾಯಕರಿಗೆ ಇಂಥದ್ದನ್ನು ಮಾಡಬೇಕೆಂದಿದ್ದರೂ ಮುಕ್ಕಾಲು ಭಾಗ ಹಾಗೇ ಉಪಯೋಗಕ್ಕೆ ಬರುತ್ತದೆ.

ಮೊದಲೇ ನಿರ್ಧರಿಸಿಕೊಂಡದ್ದು ಒಂದೇ. ಹೊಗಳಿಕೆಯ ಮಾತು ಕಡಿಮೆ ಇರಬೇಕು, ಗಂಟೆ ಮುಗಿಯುವುದರೊಳಗೆ ಕೇಳುಗರು ಐದು ಕಂಠಗಳ ನಡುವೆ ಅವರ ಕಂಠವನ್ನು ತಾವೇ ಗುರುತಿಸುವಂತಾಗಬೇಕು. ಡೂ-ವಾಪ್, ಅಂದರೆ ಹಲವು ಕಂಠಗಳು ಬೇರೆ ಬೇರೆ ಸ್ವರ ಹಿಡಿದು ಕೂಡಿ ಹಾಡುವ ಅಮೆರಿಕದ ಹಾಡುಗಾರಿಕೆ, ಒಬ್ಬರು ಹಾಡಿ ಉಳಿದವರು ದನಿಗೂಡಿಸುವ ಭಜನೆಯಲ್ಲ. ಹಿಂದೆ ನಿಂತವರು ಏನು ಹಿಡಿದಿದ್ದಾರೆ ಎಂಬುದು ಕಿವಿಗೆ ಬೀಳದಿದ್ದರೆ, ಮುಂದಿನವನು ಯಾಕೆ ಅಷ್ಟು ಹಗುರವಾಗಿ ಹಾಡಬಲ್ಲ ಎಂಬುದೂ ತಿಳಿಯುವುದಿಲ್ಲ.

ಹಾಡುಗಳ ಆಯ್ಕೆಯಲ್ಲಿ ಕಾಲಾನುಕ್ರಮವನ್ನೇ ಹಿಡಿದೆ. 1954ರಲ್ಲಿ ರೈನ್‌ಬೋ ಎಂಬ ಲೇಬಲ್‌ಗೆ, ಅಂದರೆ ರೆಕಾರ್ಡು ಕಂಪನಿಗೆ, ಮಾಡಿದ ಮೊದಲ ರೆಕಾರ್ಡುಗಳು. 1956ರಲ್ಲಿ ಫಿಲಡೆಲ್ಫಿಯಾದ್ದೇ ಆದ ಗೋಥಮ್ ಲೇಬಲ್‌ನವು. ಆಮೇಲೆ ಹೆಸರು ತಂದ ಮೂರು. ಆ ಮೂರರಲ್ಲಿ ‘ಲಾಂಗ್ ಲೋನ್ಲಿ ನೈಟ್ಸ್’ (1957) ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ (ಪಾಪ್) ಪಟ್ಟಿಯಲ್ಲಿ 45ನೇ ಸ್ಥಾನಕ್ಕೆ ನಿಂತಿತು, ‘ಟಿಯರ್ ಡ್ರಾಪ್ಸ್’ (1957) 20ಕ್ಕೆ, ‘ಟ್ರೈ ದ ಇಂಪಾಸಿಬಲ್’ (1958) 33ಕ್ಕೆ. ಮೊದಲನೆಯದು ಅಷ್ಟಕ್ಕೇ ನಿಂತದ್ದಕ್ಕೆ ಕಾರಣವಿದೆ, ಅದನ್ನು ಸಭೆಯಲ್ಲಿ ಹೇಳಲೇಬೇಕು. ಅದು ಹೊರಬಂದದ್ದು ಮೈನ್‌ಲೈನ್ ಎಂಬ ಚಿಕ್ಕ ಲೇಬಲ್‌ನಲ್ಲಿ. ಚಿಕ್ಕ ಲೇಬಲ್‌ಗೆ ಬೇಡಿಕೆ ಬಂದಾಗ ಸಾವಿರಾರು ಪ್ರತಿ ಒತ್ತಿಸಲು ಕೈಯಲ್ಲಿ ಹಣವಿರುವುದಿಲ್ಲ, ಊರಾಚೆಯ ಅಂಗಡಿಗಳಿಗೆ ತಲುಪಿಸುವ ದಾರಿಯೂ ಇರುವುದಿಲ್ಲ. ಹಾಗಾಗಿ ಹಾಡು ಷಿಕಾಗೋದ ಚೆಸ್ ಕಂಪನಿಗೆ ಹೋಯಿತು. ಅಷ್ಟರಲ್ಲಿ ಅಟ್ಲಾಂಟಿಕ್ ಕಂಪನಿ ಅದೇ ಹಾಡನ್ನು ಕ್ಲೈಡ್ ಮ್ಯಾಕ್‌ಫ್ಯಾಟರ್ ಕೈಲಿ ಹಾಡಿಸಿ ಬಿಟ್ಟಿತು. ಆ ಆವೃತ್ತಿ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯ ತುದಿಗೇರಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ. ಮ್ಯಾಕ್‌ಫ್ಯಾಟರ್ ದನಿ ಮೇಲಿನ ಸ್ಥಾಯಿಗೆ ನುಗ್ಗಿ ಕರೆಯುತ್ತದೆ. ಆಂಡ್ರೂಸ್ ಪದಗಳ ಕೊನೆಯನ್ನು ಮೆತ್ತಗೆ ಇಳಿಸುತ್ತಾರೆ, ಎಲ್ಲಿಯೂ ಒತ್ತುವುದಿಲ್ಲ. ಮೆತ್ತನೆಯ ದನಿಯ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರನ್ನು ಕೇಳಿದವರಿಗೆ ಆ ನಯ ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಿಲ್ಲ.

ರೈನ್‌ಬೋ ಮೂಲ ಪ್ರತಿಗಳು ಸಂಗ್ರಾಹಕರ ಕೈಯಲ್ಲಿ ಬಲು ದುಬಾರಿ. ಅವುಗಳ ಬೆನ್ನು ಹತ್ತಬೇಡಿ, ಅವಕ್ಕೆ ಮರುಮುದ್ರಣದ ಸಿಡಿ ಸಾಕು. ಆದರೆ ಸಿಡಿಯಲ್ಲಿ ‘ಸ್ಟೀರಿಯೊ’ ಎಂದಿದ್ದರೆ ಅನುಮಾನಿಸಿ. ಈ ಹಾಡುಗಳು ಮೊನೊ, ಎಡ-ಬಲ ಎಂಬ ಭೇದವಿಲ್ಲದೆ ಒಂದೇ ದನಿ. ಎಡಕ್ಕೆ ಮಂದ್ರ, ಬಲಕ್ಕೆ ತಾರ ಎಂದು ಆಮೇಲೆ ಹಂಚಿ ಮಾಡಿದ ನಕಲಿ ಸ್ಟೀರಿಯೊದಲ್ಲಿ ಬಾಸ್, ಅಂದರೆ ಅತಿ ಕೆಳಗಿನ, ಕಂಠ ಒಂದು ಮೂಲೆಗೆ ಹೋಗಿ ತಂಡ ಒಡೆದಂತೆ ಕೇಳುತ್ತದೆ. 1957ರ ನಂತರದವು 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ರೆಕಾರ್ಡುಗಳಾಗಿ ಹಳೆಯ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಅವನ್ನು ನಾನೇ ಕಂಪ್ಯೂಟರಿಗೆ ಇಳಿಸಿಕೊಂಡೆ, ಮತ್ತು ಹೆಚ್ಚು ಹೊತ್ತು ಹಿಡಿಯುವ ಭಾಗ ಇದೇ.

ಕೊಳ್ಳುವ ಮುನ್ನ ರೆಕಾರ್ಡಿನ ಜಾತಿ ನೋಡಿ. ಆ ಕಾಲದ 45ಗಳು ವಿನೈಲ್‌ನಲ್ಲೂ ಇವೆ, ಪಾಲಿಸ್ಟೈರೀನ್‌ನಲ್ಲೂ ಇವೆ. ಬೆರಳ ತುದಿಯಲ್ಲಿ ಅಂಚು ತಟ್ಟಿದರೆ ವಿನೈಲ್ ಮಂದವಾಗಿ ದನಿ ಕೊಡುತ್ತದೆ, ಸ್ಟೈರೀನ್ ಗಟ್ಟಿಯಾಗಿ ಟಕ್ ಎನ್ನುತ್ತದೆ. ಬಗ್ಗುವುದೂ ಇಲ್ಲ, ಬಗ್ಗಿಸಲು ಹೋದರೆ ಸೀಳುತ್ತದೆ. ಸ್ಟೈರೀನ್‌ನಲ್ಲಿ ಸವೆತ ಬೇಗ. ಜ್ಯೂಕ್‌ಬಾಕ್ಸಿನ, ಅಂದರೆ ನಾಣ್ಯ ಹಾಕಿದರೆ ರೆಕಾರ್ಡು ನುಡಿಸುವ ಯಂತ್ರದ, ಭಾರದ ಮುಳ್ಳಿನ ಕೆಳಗೆ ನೂರಾರು ಸಲ ಓಡಿದ್ದರೆ ಮೇಲ್ಮೈ ಹೊಳೆಯುತ್ತಿದ್ದರೂ ಗಟ್ಟಿ ದನಿಯ ಜಾಗದಲ್ಲೆಲ್ಲ ಕೊರಕೊರ ಎನ್ನುತ್ತದೆ. ಆ ಕೊರಕೊರ ತೊಳೆದರೂ ಹೋಗುವುದಿಲ್ಲ, ಸಾಫ್ಟ್‌ವೇರಿನಲ್ಲೂ ಹೋಗುವುದಿಲ್ಲ, ಏಕೆಂದರೆ ಗ್ರೂವಿನ, ಅಂದರೆ ಮುಳ್ಳು ಓಡುವ ಸಣ್ಣ ಕಾಲುವೆಯ, ಗೋಡೆಯೇ ತಿಂದುಹೋಗಿದೆ. ಸ್ಟೈರೀನ್ ಮೇಲೆ ಮುಳ್ಳಿಟ್ಟು ರೆಕಾರ್ಡನ್ನು ಹಿಂದಕ್ಕೆ ತಿರುಗಿಸುವುದನ್ನಂತೂ ಮಾಡಲೇಬೇಡಿ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ನೀರು, ಫೋಟೊ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್ ಎರಡು-ಮೂರು ಹನಿ. ಮೆತ್ತನೆಯ ಬ್ರಷ್‌ನಲ್ಲಿ ಗ್ರೂವ್ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ನಿಲ್ಲಿಸಿ ಒಣಗಿಸಿ. ಆಲ್ಕೋಹಾಲ್ ಬೇಡ. 78 ಆರ್‌ಪಿಎಂ ಅರಗಿನ ರೆಕಾರ್ಡನ್ನು ಅದು ಕರಗಿಸುತ್ತದೆ, ಸ್ಟೈರೀನ್ ಮೇಲೂ ನನಗೆ ನಂಬಿಕೆಯಿಲ್ಲ. ಸ್ಟೈರೀನ್ ರೆಕಾರ್ಡಿನ ಲೇಬಲ್ ಅಂಟಿಸಿದ ಕಾಗದ, ನೀರು ತಾಗಿದರೆ ಎದ್ದು ಬರುತ್ತದೆ. ಅದನ್ನು ಮುಚ್ಚಿಕೊಂಡು ತೊಳೆಯಿರಿ.

ಮುಳ್ಳಿನ ವಿಷಯ. ಮೊನೊ 45ಕ್ಕೆ 25 ಮೈಕ್ರಾನ್ ತುದಿಯ ಶಂಕುವಿನಾಕಾರದ ಮುಳ್ಳು, ಅಂದರೆ ಒಂದು ಮಿಲ್. ಇಂದಿನ ಸ್ಟೀರಿಯೊ ಮುಳ್ಳು 18 ಮೈಕ್ರಾನ್, ಅದು ಗ್ರೂವಿನಲ್ಲಿ ಇನ್ನಷ್ಟು ಕೆಳಗೆ ಇಳಿಯುತ್ತದೆ. ಒಂದು ರೆಕಾರ್ಡು ಸವೆದಿದ್ದರೆ ಎರಡನ್ನೂ ಹಾಕಿ ನೋಡಿ. ಹಳೆಯ ಮುಳ್ಳು ಸವೆಸದ ಎತ್ತರದಲ್ಲಿ ಹೊಸದು ಕುಳಿತರೆ ಅಚ್ಚರಿಯಾಗುವಷ್ಟು ಸ್ವಚ್ಛ ದನಿ ಬರುತ್ತದೆ. ಅರಗಿನ 78ಕ್ಕೆ ಬೇರೆಯೇ, 76 ಮೈಕ್ರಾನ್ ಮುಳ್ಳು ಬೇಕು.

ಈ ಸಂಗೀತಕ್ಕೆ ಬಹಳ ಹಾನಿ ಮಾಡುವುದು ಮಾತ್ರ ಚಿಟಚಿಟ ಸದ್ದಲ್ಲ, ನಡುತೂತು ಅತ್ತಿತ್ತ ಸರಿದಿರುವುದು. 45ರ ತೂತು 38 ಮಿಲಿಮೀಟರ್ ಅಗಲ. ಅದು ಅರ್ಧ ಮಿಲಿಮೀಟರ್ ಸರಿದಿದ್ದರೆ, ಗ್ರೂವ್ ನಡುವಿನಿಂದ 60 ಮಿಲಿಮೀಟರ್ ದೂರವಿರುವಲ್ಲಿ ಶ್ರುತಿ ಸುಮಾರು 14 ಸೆಂಟ್ (ಪಿಯಾನೊದ ಪಕ್ಕಪಕ್ಕದ ಎರಡು ಸ್ವರಗಳ ಅಂತರ 100 ಸೆಂಟ್) ಮೇಲಕ್ಕೂ ಅಷ್ಟೇ ಕೆಳಕ್ಕೂ ತೂಗುತ್ತದೆ. ಒಂದು ಸುತ್ತಿಗೆ 1.33 ಸೆಕೆಂಡ್, ಹಾಗಾಗಿ ನಾಲ್ಕು ಜನ ಕದಲದೆ ಹಿಡಿದ ಸ್ವರಗುಚ್ಛ (ಕಾರ್ಡ್) ಸೆಕೆಂಡಿಗೊಮ್ಮೆ ಎಂಬಂತೆ ಓಲಾಡುತ್ತದೆ. ಕೇಳುಗರು ಅದನ್ನು ಗಾಯಕರ ಕಂಪನವೆಂದೇ ತಿಳಿಯುತ್ತಾರೆ. ಉಪಾಯ ಸುಲಭ. ನಡುವಿನ ಅಡಾಪ್ಟರನ್ನು ಸ್ವಲ್ಪ ಸಡಿಲವಿರುವಂಥದ್ದು ಇಟ್ಟುಕೊಳ್ಳಿ, ರೆಕಾರ್ಡು ಸುತ್ತುವಾಗ ಟೋನ್‌ಆರ್ಮನ್ನು, ಅಂದರೆ ಮುಳ್ಳು ಹಿಡಿದ ತೋಳನ್ನು, ಎದುರಿನಿಂದ ನೋಡಿ. ಅದು ಒಳಗೆ ಹೊರಗೆ ತೂಗುತ್ತಿದ್ದರೆ ನಿಲ್ಲಿಸಿ, ರೆಕಾರ್ಡನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿ. ತೂಗಾಟ ನಿಲ್ಲುವವರೆಗೂ ಇದನ್ನೇ ಮಾಡಿ.

ವೇಗ ಪರೀಕ್ಷೆಗೆ ಸ್ಟ್ರೋಬ್ ಚಕ್ರ (ವೇಗ ಸರಿಯಿದ್ದರೆ ಮಿನುಗುವ ದೀಪದ ಕೆಳಗೆ ಇದರ ಗೆರೆಗಳು ನಿಂತಂತೆ ಕಾಣುತ್ತವೆ) ಬಳಸುವವರು ಗಮನಿಸಬೇಕಾದದ್ದು: ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ 45ಕ್ಕೆ 160 ಗೆರೆಯ ಚಕ್ರ ಬೇಕು. ಊರಿನಿಂದ ತಂದ 50 ಹರ್ಟ್ಸ್ ಚಕ್ರ, ಅಂದರೆ 133 ಗೆರೆಯದು, ಇಲ್ಲಿ ನಿಂತಂತೆ ಕಾಣುವುದೇ ಇಲ್ಲ. ಎಲ್ಇಡಿ ದೀಪಗಳಲ್ಲಿ ಬಹಳಷ್ಟು ಮಿನುಗುವುದಿಲ್ಲವಾದ್ದರಿಂದ ನಿಯಾನ್ ದೀಪ ಹುಡುಕಿಕೊಳ್ಳಿ.

ಇಳಿಸಿಕೊಳ್ಳುವಾಗ 96 ಕಿಲೋಹರ್ಟ್ಸ್, 24 ಬಿಟ್, ಡಬ್ಲ್ಯುಎವಿ ಫೈಲು. ಅತಿ ಜೋರು ಜಾಗ ಮೈನಸ್ 6 ಡೆಸಿಬೆಲ್ ದಾಟದಿರಲಿ. ರೆಕಾರ್ಡು ಮೊನೊ ಆದರೂ ಎರಡೂ ಚಾನೆಲ್ ಹಿಡಿಯಿರಿ: ಗ್ರೂವಿನ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರುವುದುಂಟು, ಆಗ ಒಳ್ಳೆಯ ಗೋಡೆಯನ್ನೊಂದೇ ಇಟ್ಟುಕೊಳ್ಳಬಹುದು. ಎರಡೂ ಸಮವಾಗಿದ್ದರೆ ಕೂಡಿಸಿ, ಮೇಲೆ-ಕೆಳಗಿನ ಅಲುಗಾಟದ ಗದ್ದಲ ಪರಸ್ಪರ ಕಳೆದುಹೋಗುತ್ತದೆ. 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಯಂತ್ರದ ಗುಡುಗು ಹೋಗುತ್ತದೆ. ಬಾಸ್ ಗಾಯಕ 80 ಹರ್ಟ್ಸ್ ಆಸುಪಾಸಿಗೆ ಇಳಿದರೂ ಅವನಿಗೇನೂ ಆಗುವುದಿಲ್ಲ.

ಚಿಟಚಿಟ ಸದ್ದನ್ನು ಒಂದೊಂದಾಗಿ ಕೈಯಿಂದಲೇ ತೆಗೆಯಿರಿ. ಸುಂಯ್ ಎನ್ನುವ ಹಿನ್ನೆಲೆ ಗದ್ದಲವನ್ನು 3–4 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಬೇಡಿ. ಸಾಫ್ಟ್‌ವೇರಿಗೆ ಹಿಂದಿನವರ ‘ಊ’ ಮತ್ತು ಗದ್ದಲ ಎರಡೂ ಒಂದೇ ಬಗೆಯವು: ಮೆಲ್ಲಗಿನವು, ನಿರಂತರವಾದವು, ಅಂಚಿಲ್ಲದವು. ಗದ್ದಲ ಒರೆಸಿದಷ್ಟೂ ಆ ‘ಊ’ ನೀರಿನೊಳಗಿಂದ ಬಂದಂತೆ ಮಬ್ಬಾಗುತ್ತದೆ. ಲೀಡ್ ಕಂಠ ಚೊಕ್ಕವಾಗಿ ಉಳಿದು ತಂಡ ಮಾಯವಾದ ಆವೃತ್ತಿ ಯಾರಿಗೂ ಬೇಡ. ಕಂಠಗಳನ್ನು ಬೇರ್ಪಡಿಸುವ ಹೊಸ ಸಾಧನಗಳನ್ನೂ ಪರೀಕ್ಷಿಸಿದೆ. ಲೀಡನ್ನು ವಾದ್ಯಗಳಿಂದ ಬಿಡಿಸುತ್ತವೆ, ಆದರೆ ಹಿಂದಿನ ನಾಲ್ವರನ್ನು ಒಬ್ಬರಿಂದ ಒಬ್ಬರನ್ನು ಬಿಡಿಸಲಾರವು. ಕೇಳುಗರಿಗೆ ಅವರನ್ನು ಬಿಡಿಸಿ ತೋರಿಸುವ ಕೆಲಸ ಮನುಷ್ಯರಿಂದಲೇ ಆಗಬೇಕು.

ಅದಕ್ಕೇ ಕಾರ್ಯಕ್ರಮದ ನಡುವೆ ಹತ್ತು ನಿಮಿಷ ನಾಲ್ಕು ಗಂಡು ದನಿಗಳ ಪ್ರಾತ್ಯಕ್ಷಿಕೆ ಇಟ್ಟೆ. ನಿಜವಾಗಿ ಇಡೀ ಗಂಟೆ ನಿಂತಿರುವುದು ಇದರ ಮೇಲೆ.

ಡೂ-ವಾಪ್ ಬ್ಯಾಲಡ್‌ಗಳಲ್ಲಿ, ಅಂದರೆ ನಿಧಾನಗತಿಯ ಹಾಡುಗಳಲ್ಲಿ, ಬಹುಪಾಲು ನಾಲ್ಕು ಸ್ವರಗುಚ್ಛಗಳ ಮೇಲೆ ಸುತ್ತುತ್ತವೆ. ಪಾಶ್ಚಾತ್ಯ ಬರವಣಿಗೆಯಲ್ಲಿ ಸಿ, ಎ ಮೈನರ್, ಎಫ್, ಜಿ. ನಮ್ಮವರಿಗೆ ಇದನ್ನು ಶಂಕರಾಭರಣದ ಸ್ವರಗಳಲ್ಲಿ ಹೇಳಿಬಿಟ್ಟರೆ ಕಾಗದವೇ ಬೇಡ: ಸ-ಗ-ಪ, ದ-ಸ-ಗ, ಮ-ದ-ಸ, ಪ-ನಿ-ರಿ. ಶ್ರುತಿಯನ್ನು ಡಿ ಗೆ ಇಟ್ಟೆ. ಸಿ ಗೆ ಇಟ್ಟರೆ ಬಾಸ್ ಹಾಡುವವನು ಮಂದ್ರ ಮಧ್ಯಮದಲ್ಲಿ ತೀರ ಕೆಳಗಿನ ಎಫ್ ಮುಟ್ಟಬೇಕು, ಅಭ್ಯಾಸವಿಲ್ಲದ ಗಂಟಲಿಗೆ ಅಲ್ಲಿ ಗಾಳಿಯೇ ಬರುವುದು.

ಹಂಚಿಕೆ ಹೀಗೆ, ಕೆಳಗಿನ ದನಿಯಿಂದ ಮೇಲಿನ ದನಿಗೆ. ಬಾಸ್: ಸ, ಮಂದ್ರ ದ, ಮಂದ್ರ ಮ, ಮಂದ್ರ ಪ. ಬ್ಯಾರಿಟೋನ್: ಗ, ಗ, ಮ, ರಿ. ಸೆಕೆಂಡ್ ಟೆನರ್: ಪ, ದ, ದ, ಪ. ಫಸ್ಟ್ ಟೆನರ್: ಮೇಲಿನ ಸ, ಸ, ಸ, ಆಮೇಲೆ ಅದರ ಕೆಳಗಿನ ನಿ. ಬಾಸನ್ನು ಬಿಟ್ಟರೆ ಯಾರೂ ಹೆಚ್ಚು ಜಿಗಿಯುವುದಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮೇಲಿನ ಮೂವರಲ್ಲಿ ಕದಲುವವನು ಸೆಕೆಂಡ್ ಟೆನರ್ ಒಬ್ಬನೇ. ನಾಲ್ಕನೆಯದರಲ್ಲಿ ಬಾಸ್ ಮೇಲಕ್ಕೇರಿದರೆ ಉಳಿದ ಮೂವರೂ ಕೆಳಗಿಳಿಯುತ್ತಾರೆ. ಆ ಎದುರುಬದುರು ನಡಿಗೆಯಿಂದಲೇ ಮತ್ತೆ ಸ ಗೆ ಮರಳುವಾಗ ಮನೆ ಸೇರಿದ ಹಾಗಾಗುತ್ತದೆ. ಇದನ್ನು ಮೊದಲು ಬಾಸ್ ಒಬ್ಬನೇ, ಆಮೇಲೆ ಬ್ಯಾರಿಟೋನ್ ಸೇರಿ, ಆಮೇಲೆ ಒಬ್ಬೊಬ್ಬರಾಗಿ ಸೇರಿಸಿ ಹಾಡಿಸಿ. ಸಭೆಗೆ ಒಳಗಿನ ಕಟ್ಟಡ ಕಾಣುವುದು ಆಗ.

ತಾಳ ಚತುರಶ್ರ ಏಕ, ತಿಶ್ರ ನಡೆ. ಸಾವಕಾಶ ಕಾಲ, ನಿಮಿಷಕ್ಕೆ 60ರಿಂದ 75 ಎಣಿಕೆ, ಪ್ರತಿ ಎಣಿಕೆಗೂ ಪಿಯಾನೊ ಮೂರು ಹೊಡೆತ. ಇಷ್ಟು ಹೇಳಿದರೆ ನಮ್ಮ ಕೇಳುಗರು ತಕ್ಷಣ ಕೈಯಲ್ಲಿ ತಾಳ ಹಿಡಿಯುತ್ತಾರೆ, ಆದರೆ ಸಮದ ಮೇಲೆ ತಟ್ಟುತ್ತಾರೆ. ಇಲ್ಲಿ ಒತ್ತು ಎರಡು ಮತ್ತು ನಾಲ್ಕರ ಮೇಲೆ. ಸಮದಲ್ಲಿ ಕಾಲು, ಎರಡು ಮತ್ತು ನಾಲ್ಕಕ್ಕೆ ಕೈ ಎಂದು ಹೇಳಿಕೊಟ್ಟರೆ ಹಿಡಿತ ಸಿಗುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ಗಮಕ. ಕರ್ನಾಟಕ ಸಂಗೀತ ಕಲಿತವರ ಗಾಂಧಾರ, ನಿಷಾದಗಳು ತಾವಾಗಿಯೇ ಅಲುಗುತ್ತವೆ. ಸ್ವರಗುಚ್ಛದೊಳಗೆ ಗಾಂಧಾರ ಅಲುಗಿದರೆ ಮೇಜರ್-ಮೈನರ್ ನಡುವೆ ತೂಗಿ ಎಲ್ಲವೂ ಕಲಸಿಹೋಗುತ್ತದೆ. ಬ್ಯಾರಿಟೋನ್‌ಗೆ ಹೇಳಬೇಕಾದದ್ದು ‘ತಂಬೂರಿಯ ತಂತಿಯ ಹಾಗೆ ನಿಲ್ಲು’ ಎಂಬಷ್ಟೇ. ಪಿಯಾನೊ ಇಲ್ಲದೆ ಹಾಡುವಾಗ ಆ ಗಾಂಧಾರವನ್ನು ಪಿಯಾನೊಗಿಂತ 14 ಸೆಂಟ್ ಕೆಳಗೆ ಇಟ್ಟರೆ ಗುಚ್ಛ ಗುಂಯ್ ಎಂದು ಕೂಡಿಕೊಳ್ಳುತ್ತದೆ. ತಂಬೂರಿಯ ಜೊತೆ ಹಾಡಿದವರ ಕಿವಿಗೆ ಆ ಜಾಗ ಗೊತ್ತೇ ಇದೆ, ಇದು ನಮ್ಮವರಿಗಿರುವ ದೊಡ್ಡ ಅನುಕೂಲ. ಎರಡನೆಯದು, ಲೀಡಿನ ರಾಗ ಚೆನ್ನಾಗಿದೆ ಎಂದು ಹಿಂದಿನವರು ಅದಕ್ಕೇ ಜಾರಿಕೊಳ್ಳುವುದು. ಸುಗಮ ಸಂಗೀತದ ಕೋರಸ್ ಅಭ್ಯಾಸ ಅದು. ಲೀಡ್ ಇಲ್ಲದೆ ನಾಲ್ವರೇ ಮುಖಾಮುಖಿ ನಿಂತು ಗಟ್ಟಿಯಾಗುವವರೆಗೂ ಲೀಡನ್ನು ಸೇರಿಸಬೇಡಿ. ಮೂರನೆಯದು ಸ್ವರಾಕ್ಷರದ ಉಚ್ಚಾರ: ಒಬ್ಬ ‘ಊ’, ಇನ್ನೊಬ್ಬ ‘ಓ’ ಎಂದರೆ ಶ್ರುತಿ ಸರಿಯಿದ್ದರೂ ಕೂಡುವುದಿಲ್ಲ. ಎಲ್ಲರ ತುಟಿಯ ಆಕಾರ ಒಂದೇ ಇರಬೇಕು, ಉಸಿರು ಮಾತ್ರ ಒಬ್ಬೊಬ್ಬರು ಒಂದೊಂದು ಕಡೆ ತೆಗೆದುಕೊಳ್ಳಬೇಕು.

ಮೈಕ್ ಒಂದೇ ಸಾಕು. ಹಿಂದಿನ ಕಾಲದಲ್ಲಿ ಒಂದೇ ಮೈಕಿನ ಸುತ್ತ ನಿಂತು, ದೂರ-ಹತ್ತಿರದಿಂದಲೇ ದನಿಗಳ ತೂಕ ಸರಿಮಾಡುತ್ತಿದ್ದುದು ಸಾಮಾನ್ಯ. ಲೀಡ್ ಒಂದು ಅಡಿ, ಬಾಸ್ ಎರಡು ಅಡಿ, ಉಳಿದವರು ನಾಲ್ಕು ಅಡಿ ಎಂದು ಶುರುಮಾಡಿ ಕೇಳಿಕೊಂಡು ಸರಿಪಡಿಸಿ. ರೆಕಾರ್ಡು ಕೇಳಿಸುವಾಗ ಸ್ಪೀಕರ್ ಕಿವಿಯ ಎತ್ತರದಲ್ಲಿರಲಿ, ಮದುವೆಮನೆಯ ಬಾಸ್ ಬೂಸ್ಟ್ ಇರುವ ಪೆಟ್ಟಿಗೆ ಬೇಡ. ಪ್ರಾತ್ಯಕ್ಷಿಕೆ ಆದ ಕೂಡಲೇ ‘ಟಿಯರ್ ಡ್ರಾಪ್ಸ್’ನ ಇಪ್ಪತ್ತು ಸೆಕೆಂಡನ್ನು ಮೂರು ಸಲ ಕೇಳಿಸಿದೆ: ಒಮ್ಮೆ ಬಾಸ್ ಹಿಡಿದು ಕೇಳಿ, ಒಮ್ಮೆ ಟೆನರ್‌ಗಳನ್ನು, ಒಮ್ಮೆ ಆಂಡ್ರೂಸ್ ಅವರನ್ನು. ಆಮೇಲೆ ಇಡೀ ಹಾಡು.

ಮನೆಯ ವಿಷಯ ತಂದದ್ದು ಇದರ ನಂತರವೇ. ಆಂಡ್ರೂಸ್ ಹೆಸರು ಹೇಳಿದರೆ ಈಗಿನವರು ‘ಕ್ವೆಸ್ಟ್‌ಲವ್ ಅವರ ತಂದೆ’ ಎನ್ನುತ್ತಾರೆ. ಕ್ವೆಸ್ಟ್‌ಲವ್, ಅಂದರೆ ‘ದ ರೂಟ್ಸ್’ ಎಂಬ ಹಿಪ್-ಹಾಪ್ ತಂಡದ ಡ್ರಮ್ ವಾದಕ ಅಹ್ಮಿರ್ ಥಾಂಪ್ಸನ್, ಆಂಡ್ರೂಸ್ ಮಗನೇ, ನಿಜ. ಅದನ್ನೇ ಮೊದಲ ವಾಕ್ಯ ಮಾಡಿದರೆ ಇಡೀ ಗಂಟೆ ಮಗನದಾಗುತ್ತದೆ. ಕಂಠ ಕಿವಿಯಲ್ಲಿ ಕೂತ ಮೇಲೆ ಹೇಳಿದರೆ ಮಗನೂ ತಂದೆಯ ಕಥೆಯೊಳಗೆ ಬಂದು ನಿಲ್ಲುತ್ತಾನೆ.

ಮೂರು ತಲೆಮಾರನ್ನು ಒಂದೇ ಸ್ಲೈಡಿನಲ್ಲಿ ಇಟ್ಟೆ. ಲೀ ಹುಟ್ಟಿದ್ದು 1936ರಲ್ಲಿ ನಾರ್ತ್ ಕ್ಯಾರೊಲೈನಾದ ಗೋಲ್ಡ್ಸ್‌ಬರೋದಲ್ಲಿ. ತಂದೆ ಬೀಚಿ ಥಾಂಪ್ಸನ್ ‘ಡಿಕ್ಸಿ ಹಮಿಂಗ್‌ಬರ್ಡ್ಸ್’ ಎಂಬ ಪ್ರಸಿದ್ಧ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ತಂಡದ ಗಾಯಕ. ಚರ್ಚಿನ ನಾಲ್ಕು ದನಿಯ ಹಾಡುಗಾರಿಕೆ ಮಗನಿಗೆ ಸಿಕ್ಕಿದ್ದು ಮನೆಯಲ್ಲೇ. ಲೀ ಅವರ ಪತ್ನಿ ಜಾಕಿ ಕೂಡ ಗಾಯಕಿ. 1970ರ ದಶಕದ ಆರಂಭದಲ್ಲಿ ಇಬ್ಬರೂ ‘ಕಾಂಗ್ರೆಸ್ ಆಲಿ’ ಎಂಬ ತಂಡದಲ್ಲಿ ಜೊತೆಗೆ ಹಾಡಿದರು. ಮಗಳೂ ಗಾಯಕಿಯಾದಳು. ಹಳೆಯ ಹಾಡುಗಳ ಪುನರುಜ್ಜೀವನದ ಕಾಲದಲ್ಲಿ ಹಾರ್ಟ್ಸ್ ಮತ್ತೆ ವೇದಿಕೆ ಹತ್ತಿದಾಗ ಅವರು ಮಕ್ಕಳನ್ನು ಮನೆಯಲ್ಲಿ ಬಿಡದೆ ಊರೂರಿಗೆ ಕರೆದೊಯ್ದರು. ಹುಡುಗ ಅಹ್ಮಿರ್ ಮೊದಲು ಬಟ್ಟೆ, ದೀಪ ಇಂಥ ವೇದಿಕೆಯ ಕೆಲಸಗಳನ್ನು ನೋಡಿಕೊಂಡ, ಹದಿವಯಸ್ಸಿಗೆ ಬರುವಷ್ಟರಲ್ಲಿ ತಂದೆಯ ಹಿಂದೆ ಡ್ರಮ್ ಮುಂದೆ ಕೂತ. ಇಲ್ಲಿಯೂ ನನ್ನ ನಿಯಮ ಒಂದಿತ್ತು: ಮನೆಯವರು ತಾವೇ ಬಹಿರಂಗವಾಗಿ ಹೇಳಿದ್ದಷ್ಟನ್ನೇ ಹೇಳುವುದು. ಒಳ್ಳೆಯ ಗಂಡ, ಒಳ್ಳೆಯ ತಂದೆ ಎಂಬ ವಿಶೇಷಣ ಹಚ್ಚಲು ಹೋಗಲಿಲ್ಲ. ಮಕ್ಕಳನ್ನು ಜೊತೆಗಿಟ್ಟುಕೊಂಡೇ ದುಡಿದ ಕ್ರಮವನ್ನು ಹೇಳಿದರೆ ಸಭೆಗೆ ಅಷ್ಟೇ ಸಾಕಾಗುತ್ತದೆ.

ತಂಡದ ಉಳಿದವರ ಹೆಸರು ಬಿಡಬೇಡಿ. ರಾಯ್ ಕ್ಯಾಲ್‌ಹೂನ್, ವೆಂಡೆಲ್ ಕ್ಯಾಲ್‌ಹೂನ್, ಬುಚ್ ಕರಿ, ಟೆಡ್ ವೀಮ್ಸ್ ಇಂಥವರ ಹೆಸರು ಲೇಬಲ್ ಮೇಲೆ ‘ದ ಹಾರ್ಟ್ಸ್’ ಎಂಬ ಎರಡು ಪದದೊಳಗೆ ಮುಚ್ಚಿಹೋಗುತ್ತದೆ. ಯಾವ ಹಾಡಿನಲ್ಲಿ ಯಾರಿದ್ದರೆಂದು ಖಚಿತವಿಲ್ಲದ ಕಡೆ ಹಾಡಿಗೆ ಜೋಡಿಸದೆ ತಂಡದ ಸದಸ್ಯರೆಂದಷ್ಟೇ ಹೇಳಿ. ಈ ಪ್ರಕಾರದಲ್ಲಿ ‘ಮೂಲ ಸದಸ್ಯ’ ಎಂಬ ಪದ ದೊಡ್ಡ ಜಗಳದ ಪದ. ಬೇರೆಯವರು ಹಳೆಯ ತಂಡಗಳ ಹೆಸರಿಟ್ಟುಕೊಂಡು ಹಾಡುವುದನ್ನು ತಡೆಯಲು ಅಮೆರಿಕದ ಹಲವು ರಾಜ್ಯಗಳು ಕಾನೂನನ್ನೇ ಮಾಡಿವೆ.

ಕೊನೆಗೆ ಹಕ್ಕುಗಳು. ಅಮೆರಿಕದಲ್ಲಿ ಸಭಾಂಗಣದಲ್ಲಿ ರೆಕಾರ್ಡು ನುಡಿಸಲು ಹಾಡಿನ ರಚನೆಯ ಹಕ್ಕಿಗೆ ರಚನಕಾರರ ಪರವಾಗಿ ಶುಲ್ಕ ವಸೂಲಿ ಮಾಡುವ ಎಎಸ್‌ಸಿಎಪಿ, ಬಿಎಂಐ ಸಂಸ್ಥೆಗಳ ಪರವಾನಗಿ ಬೇಕು. ಸಭಾಂಗಣದವರ ಬಳಿ ಅದು ಹೆಚ್ಚಾಗಿ ಇರುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿ. ಇಳಿಸಿಕೊಂಡ ಫೈಲನ್ನು ಅಂತರಜಾಲಕ್ಕೆ ಏರಿಸುವುದು ಬೇರೆ ವಿಷಯ. 2018ರ ಕಾನೂನಿನ ಪ್ರಕಾರ 1957ರಿಂದ 1972ರ ಫೆಬ್ರವರಿ ನಡುವಿನ ಧ್ವನಿಮುದ್ರಣಗಳಿಗೆ 2067ರ ಫೆಬ್ರವರಿ 15ರವರೆಗೆ ರಕ್ಷಣೆಯಿದೆ. 1947ರಿಂದ 1956ರೊಳಗಿನವಕ್ಕೆ ಪ್ರಕಟವಾದ ಮೇಲೆ 110 ವರ್ಷ. ಇದೇ ಕಾನೂನಿನಿಂದ ಗಾಯಕರ ಮನೆಯವರಿಗೆ ಒಂದು ಒಳ್ಳೆಯದೂ ಆಗಿದೆ. 1972ಕ್ಕಿಂತ ಹಿಂದಿನ ರೆಕಾರ್ಡುಗಳು ಡಿಜಿಟಲ್ ರೇಡಿಯೊದಲ್ಲಿ ಬಂದರೆ ಈಗ ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯ ಮೂಲಕ ಸಂಭಾವನೆ ಸಲ್ಲುತ್ತದೆ: 50 ಶೇಕಡ ರೆಕಾರ್ಡಿನ ಒಡೆಯರಿಗೆ, 45 ಶೇಕಡ ಮುಖ್ಯ ಕಲಾವಿದರಿಗೆ, 5 ಶೇಕಡ ಹಿನ್ನೆಲೆ ಕಲಾವಿದರ ನಿಧಿಗೆ. ಕಲಾವಿದ ಇಲ್ಲದಿದ್ದರೆ ವಾರಸುದಾರರು ಹೆಸರು ನೋಂದಾಯಿಸಬಹುದು. ಹೆಸರಾಗದೆ ಹೋದ ಸ್ಥಳೀಯ ತಂಡಗಳ ಎಷ್ಟೋ ಮನೆಗಳಿಗೆ ಇದು ಗೊತ್ತಿರುವುದಿಲ್ಲ. ಅಂಥ ಗಾಯಕರೊಬ್ಬರ ನೆನಪಿನ ಸಭೆ ನೀವು ಮಾಡುವುದಾದರೆ ರೆಕಾರ್ಡುಗಳ ಹೆಸರು, ಲೇಬಲ್, ಸಂಖ್ಯೆ, ವರ್ಷ, ಮತ್ತು ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಇಳಿಸಿದ ಫೈಲುಗಳ ಜೊತೆ ಮನೆಯವರ ಕೈಗೆ ಕೊಡಿ. ನೋಂದಣಿಯ ಹೊತ್ತಿನಲ್ಲಿ ಹಾಡುಗಳನ್ನು ಗುರುತಿಸಿ ಹೇಳಲು ಆ ವಿವರಗಳು ಬೇಕಾಗುತ್ತವೆ.